ಡ್ರಿಫ್ಟ್ ಮಾಸ್ತರರ ಹನ್ನೊಂದನೇ ಪಾಠ

ಫೆಬ್ರವರಿ ಮೂವತ್ತು, ೨೨೧೧
ಗದಗ-ಬೆಟಗೇರಿ

ಬೆಟಗೇರಿಯ ಡ್ರಿಫ್ಟ್ ಮಾಸ್ತರರಿಗೆ, ನೀಲಗಂಗಾ ಹೊಂಬಳ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಈ ಹೆಂಗಸಿಗೆ ತಲೆ ನೆಟ್ಟಗಿಲ್ಲ ಎಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳನ್ನು ವರ್ಷದ ಕೊನೆಗೆ ಗುಡ್ಡೆ ಹಾಕಿ ಬಿಡುದಿನ ಎನ್ನುತ್ತೇವೆ. ನನ್ನ ಮಾತುಗಳಲ್ಲಿ ಇಂಥವು ಇನ್ನೂ ಬರುತ್ತವೆ, ಕ್ಷಮಿಸಬೇಕು. ನಿಮ್ಮ ಮಾತುಗಳೂ ನನ್ನನ್ನು ಕಡಿಮೆ ಸತಾಯಿಸಿಲ್ಲ. ‘ಕ್ಲಚ್’ ಎಂದರೇನು ಎಂದು ತಿಳಿಯಲು ನನಗೆ ಹದಿನಾರು ದಿನ ಹಿಡಿಯಿತು. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಆಟದೊಳಗಿನ ಕಾರನ್ನು ಜಾರಿಸುವುದು ಹೇಗೆ ಎಂದು ಹದಿನಾಲ್ಕು ಪಾಠ ಬರೆದು, ಪ್ರತಿಯೊಂದರ ಕೆಳಗೂ ‘ಬೆಟಗೇರಿ ಡ್ರಿಫ್ಟ್ ಮಾಸ್ತರ’ ಎಂದು ಸಹಿ ಮಾಡಿದ್ದೀರಿ, ಅಷ್ಟೇ ಗೊತ್ತು. ನೀವು ತೀರಿಕೊಂಡು ನೂರೈವತ್ತು ವರ್ಷವಾದರೂ ಆಗಿರಬೇಕು. ಆದರೂ ನಿಮ್ಮ ಮೇಲೆ ನನಗೆ ಕೆಟ್ಟ ಸಿಟ್ಟಿದೆ.

ವಿಷಯ ಮೊದಲೇ ಹೇಳಿಬಿಡುತ್ತೇನೆ. ಹೋದ ಅಕ್ಟೋಬರಿನಲ್ಲಿ ನನ್ನ ತಮ್ಮ ಶಿದ್ದಲಿಂಗ ಸತ್ತ. ಬಂಡಿ ಓಡಿಸುತ್ತಿದ್ದವಳು ಅವನ ಮಗಳು ಮುಕ್ತಾ, ಇಪ್ಪತ್ತೆರಡು ವರ್ಷದವಳು. ಅವಳಿಗೆ ಓಡಿಸಲು ಕಲಿಸಿದವಳು ನಾನು. ನನಗೆ ಕಲಿಸಿದವರು ನೀವು. ನಾಳೆ ಬೆಳಿಗ್ಗೆ ಹತ್ತಕ್ಕೆ ವಿಚಾರಣೆ ಇದೆ, ಅದರಲ್ಲಿ ಮುಕ್ತಾಳಿಗೆ ಕೈಕಟ್ಟು ಹಾಕುತ್ತಾರೆ ಎಂದು ಊರಿಗೆಲ್ಲ ಗೊತ್ತಾಗಿದೆ. ಕೈಕಟ್ಟು ಎಂದರೆ ಮಣಿಕಟ್ಟಿಗೆ ಬಿಗಿಯುವ ಬೂದು ಬಣ್ಣದ ಪಟ್ಟಿ. ಅದನ್ನು ಹಾಕಿಕೊಂಡವರು ಮುಟ್ಟಿದರೆ ಯಾವ ಯಂತ್ರವೂ ನಡೆಯುವುದಿಲ್ಲ, ಹಿಟ್ಟಿನ ಗಿರಣಿ ಕೂಡ ನಿಂತುಬಿಡುತ್ತದೆ. ಸಾಯುವ ತನಕ ಬಿಚ್ಚುವುದಿಲ್ಲ. ನಮ್ಮದು ನೇಯುವ ಮನೆ, ಮುಕ್ತಾ ಎಂಟು ಮಗ್ಗ ನೋಡಿಕೊಳ್ಳುತ್ತಾಳೆ. ಬೆಟಗೇರಿಯಲ್ಲಿ ಮಗ್ಗ ಮುಟ್ಟಲಾಗದ ಕೈಗೆ ಮಾಡಲು ಏನೂ ಉಳಿಯುವುದಿಲ್ಲ.

ನಮ್ಮ ಕಾಲದ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯದು. ನಮ್ಮ ರಸ್ತೆಗಳಲ್ಲಿ ಓಡುವುದು ತಾನೋಟ, ತಾನಾಗಿ ಓಡುವ ಬಂಡಿ. ಅದಕ್ಕೆ ಸ್ಟೇರಿಂಗ್ ಇಲ್ಲ, ಬ್ರೇಕ್ ಇಲ್ಲ, ಕಾಲಿಗೆ ಏನೂ ಸಿಗುವುದಿಲ್ಲ. ರಸ್ತೆಯ ಅಡಿಗೆ ಒಂದು ಗೇಣು ಆಳದಲ್ಲಿ ದಾರಿದಾರ ಎಂಬ ತಂತಿ ಮಲಗಿರುತ್ತದೆ, ಬಂಡಿ ಅದರ ಜಾಡು ಹಿಡಿದು ಹೋಗುತ್ತದೆ. ಒಳಗೆ ಕೂತವರು ರೊಟ್ಟಿ ಬುತ್ತಿ ಬಿಚ್ಚುತ್ತಾರೆ, ನಿದ್ದೆ ಹೊಡೆಯುತ್ತಾರೆ, ಬೀಗರ ಮೇಲೆ ಚಾಡಿ ಹೇಳುತ್ತಾರೆ. ಎಡ ಬಲ ಎಂಬ ಮಾತು ನಮ್ಮ ಮಕ್ಕಳಿಗೆ ಊಟದ ಕೈ ತೋರಿಸಲು ಮಾತ್ರ ಬೇಕು. ನನ್ನ ಮುತ್ತಜ್ಜಿಯ ಕಾಲಕ್ಕೇ ಕೈಯಿಂದ ಓಡಿಸುವುದನ್ನು ನಿಲ್ಲಿಸಿದ್ದರು. ಅಪಘಾತ ತಪ್ಪುತ್ತದೆ ಎಂದರು. ತಪ್ಪಿತು, ಸುಳ್ಳೇಕೆ ಹೇಳಲಿ. ಆದರೆ ಈ ಏರ್ಪಾಟು ಮಾಡಿದ ಮಹಾನುಭಾವರಲ್ಲಿ ಒಬ್ಬರೂ ಎರೆಸೀಮೆಯಲ್ಲಿ ಒಂದು ಬೇಸಿಗೆ ಕಳೆದವರಲ್ಲ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ದಾರಿದಾರ ಹರಿಯುತ್ತದೆ. ಹರಿದ ಕಡೆ ತಾನೋಟ ಸುಮ್ಮನೆ ನಿಂತುಬಿಡುತ್ತದೆ. ಮುಕ್ತಾಳ ತಾಯಿ ಹಾಗೆ ನಿಂತ ಬಂಡಿಯಲ್ಲೇ ಪ್ರಾಣ ಬಿಟ್ಟಳು, ಆಸ್ಪತ್ರೆಯ ದೀಪ ಕಾಣುವಷ್ಟು ಹತ್ತಿರದಲ್ಲಿ. ಶಿದ್ದ ಅವಳನ್ನು ಹೊತ್ತುಕೊಂಡು ಕೆಸರಿನಲ್ಲಿ ಓಡಿದ. ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅದಾದ ಮೇಲೆ, ಇಂಥ ಸಾವುಗಳು ಹದಿನೆಂಟು ಆದ ಮೇಲೆ, ನಮ್ಮ ಜಿಲ್ಲೆಯಲ್ಲಿ ಕೈಬಂಡಿ ಮಂಡಳಿ ಎಂದು ಒಂದನ್ನು ಕಟ್ಟಿದರು. ಹಳೇ ಕಾಲದ ನಕ್ಷೆ ನೋಡಿ ಸ್ಟೇರಿಂಗ್ ಇರುವ ಎರಡು ಬಂಡಿ ಮಾಡಿಸಿದರು. ಮಾಡಿಸಿ, ಹೂವಿನ ಹಾರ ಹಾಕಿ, ಸುತ್ತ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಓಡಿಸಲು ಬರುವವರು ಭೂಮಿಯ ಮೇಲೆ ಒಬ್ಬರೂ ಉಳಿದಿರಲಿಲ್ಲ. ಧೈರ್ಯ ಮಾಡಿ ಹತ್ತಿದ ಒಬ್ಬಾತ ಒದ್ದೆ ಎರೆಮಣ್ಣಿನಲ್ಲಿ ಮೂರು ಸುತ್ತು ಗಿರಗಿರ ತಿರುಗಿ ಹೊಲಕ್ಕೆ ಬಿದ್ದ. ಆ ಮಣ್ಣು ಟಾರಿನ ಮೇಲೆ ಹರಡಿದರೆ ತುಪ್ಪ ಸವರಿದ ಹಾಗೆ. ಅಲ್ಲಿ ನೆಟ್ಟಗೆ ಓಡಿಸುವುದು ಕಲಿತು ಪ್ರಯೋಜನವಿಲ್ಲ, ಜಾರುವ ಬಂಡಿಯನ್ನು ಜಾರುತ್ತಲೇ ನಡೆಸುವುದು ಕಲಿಯಬೇಕು. ಆಗ ಅವರು ನನ್ನ ಬಳಿ ಬಂದರು. ನಾನು ಗದಗಿನ ಹಳೆಪುಟ ಭಂಡಾರವನ್ನು ಕಾಯುವವಳು, ನಿಮ್ಮ ಕಾಲದವರು ಗಾಳಿಗೆ ಬರೆದು ಬಿಟ್ಟ ಪುಟಗಳನ್ನು ಹುಡುಕಿ ತೆಗೆದು ಇಡುವುದು ನನ್ನ ಕೆಲಸ. ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ಬೈಗುಳ. ಉಳಿದ ಹತ್ತರಲ್ಲಿ ನೀವು ಸಿಕ್ಕಿರಿ.

ಮೊದಲು ಓದಿದಾಗ ನನಗೆ ನಗು ಬಂತು, ಆಮೇಲೆ ಹೊಟ್ಟೆ ಉರಿಯಿತು. ನಿಮ್ಮ ಬಾಗಿಲಲ್ಲಿ ನಿಜವಾದ ಕಾರುಗಳು ನಿಂತಿದ್ದವು, ಮಾಸ್ತರ್ರೆ! ಬೀಗ ತೆಗೆದು ಕೂತರೆ ಹುಬ್ಬಳ್ಳಿಗೆ ಹೋಗಿ ಬರಬಹುದಿತ್ತು. ನೀವು ಒಳಗೆ ಕೂತು, ಪರದೆಯ ಮೇಲಿನ ಸುಳ್ಳು ಕಾರನ್ನು ಸುಳ್ಳು ಬೆಟ್ಟದಲ್ಲಿ ಅಡ್ಡಡ್ಡ ಜಾರಿಸುವುದು ಹೇಗೆಂದು ಹದಿನಾಲ್ಕು ಪಾಠ ಬರೆದಿರಿ. ನಿಮ್ಮ ಇಡೀ ಪೀಳಿಗೆಗೆ ಇಂಥದ್ದಕ್ಕೆ ಪುರುಸೊತ್ತಿತ್ತು, ರಸ್ತೆಯ ಅಡಿಯ ಮಣ್ಣಿನ ಬಗ್ಗೆ ಒಂದು ಸಾಲು ಬರೆಯಲು ಇರಲಿಲ್ಲ. ಆದರೆ ನೀವು ಬರೆದಷ್ಟು ಚೆನ್ನಾಗಿ ಯಾರೂ ಬರೆದಿರಲಿಲ್ಲ. ಉಳಿದವರದು ಬರೀ ಅಂಕಿ, ಬರೀ ಜಂಬ. ನೀವು ನಮ್ಮ ಮಾತಿನಲ್ಲೇ ಬರೆದಿದ್ದಿರಿ. ಗದಗಿನ ಬಾಯಿ ಇನ್ನೂರು ವರ್ಷದಲ್ಲಿ ಅಷ್ಟೇನೂ ಬದಲಾಗಿಲ್ಲ.

“ಲೇ ತಮ್ಮಾ, ಮೊದಲ ದಿನಾನ ಬೆಟ್ಟ ಹತ್ತಬ್ಯಾಡ. ಬಯಲಿಗೆ ಹೋಗು, ಒಂದು ಕಂಬ ನೋಡ್ಕೋ, ಅದರ ಸುತ್ತ ಗಾಣದ ಎತ್ತಿನಂಗ ತಿರುಗು,” ಎಂದಿದ್ದಿರಿ. ಮಂಡಳಿಯವರು ಆರಿಸಿ ಕಳಿಸಿದ ನನ್ನ ಹತ್ತೊಂಬತ್ತು ಶಿಷ್ಯರು, ಸ್ಟೇರಿಂಗ್ ಇರುವ ನಿಮ್ಮ ಕಾಲದ ಆಟದ ಯಂತ್ರದಲ್ಲಿ, ಮೂರು ವಾರ ಕಂಬ ಸುತ್ತಿದರು. ಹಿಂದಿನ ಚಕ್ರ ತಿರುಗುವ ಕಾರನ್ನೇ ಆರಿಸಿಕೊಳ್ಳಬೇಕು, ಶಕ್ತಿ ಕಡಿಮೆ ಇರಬೇಕು, ಎರಡನೇ ಗೇರಿನಲ್ಲಿ ಹೋಗಬೇಕು, ತಿರುವು ಬಂದಾಗ ಕೈಬ್ರೇಕನ್ನು ಎಳೆದು ತಕ್ಷಣ ಬಿಡಬೇಕು. “ಕಾರಿನ ಬಾಲ ಎಡಕ್ಕ ಹೊಂಟ್ರ ಸ್ಟೇರಿಂಗೂ ಎಡಕ್ಕ. ಬಾಲ ಬಲಕ್ಕ ಹೊಂಟ್ರ ಸ್ಟೇರಿಂಗೂ ಬಲಕ್ಕ. ಕಾಲ ಮಾತ್ರ ಎಣ್ಣಿ ಪೆಡಲ್ ಮ್ಯಾಲಿಂದ ತಗೀಬ್ಯಾಡ, ತಗದಿ ಅಂದ್ರ ಸತ್ತಿ.” ಈ ಒಂದು ಸಾಲು ನಮ್ಮ ಮಕ್ಕಳ ಮೈಗೆ ಇಳಿಯಲು ತಿಂಗಳು ಬೇಕಾಯಿತು. ಹುಟ್ಟಿದಾಗಿನಿಂದ ಯಾವ ಚಕ್ರವನ್ನೂ ಹಿಡಿಯದ ಕೈಗಳು ಅವು. ಬಾಲ ಜಾರಿದ ಕೂಡಲೇ ಎಲ್ಲರೂ ಕೈ ಬಿಟ್ಟು ಕೂರುತ್ತಿದ್ದರು, ಬಂಡಿಯೇ ನೋಡಿಕೊಳ್ಳುತ್ತದೆ ಎಂದು. ಮುಕ್ತಾ ಮಾತ್ರ ಮೊದಲ ದಿನವೇ ಬಿಡಲಿಲ್ಲ. ಹಲ್ಲು ಕಚ್ಚಿ ಹಿಡಿದಿದ್ದಳು. ಮಗ್ಗದ ಮನೆಯ ಹುಡುಗಿ, ಕೈ ಕಾಲು ಬೇರೆ ಬೇರೆ ಕೆಲಸ ಮಾಡುವುದು ಅವಳಿಗೆ ಹೊಸದಲ್ಲ.

ಈಗ ಹಿಂದೋಟದ ವಿಚಾರ. ನೀವು ರಿವೈಂಡ್ ಎಂದದ್ದನ್ನು ನಾವು ಹಿಂದೋಟ ಎನ್ನುತ್ತೇವೆ. ಕಾರು ಗುದ್ದಿದರೆ ಸ್ಟೇರಿಂಗಿನ ಮೇಲೆ ಎಡಗೈ ಹೆಬ್ಬೆಟ್ಟಿಗೆ ಸಿಗುವ ಗುಂಡಿ ಒತ್ತಬೇಕು. ಒತ್ತಿದರೆ ಎಲ್ಲ ಹಿಂದಕ್ಕೆ ಓಡುತ್ತದೆ, ಮುರಿದ ಕನ್ನಡಿ ಕೂಡಿಕೊಳ್ಳುತ್ತದೆ, ಕಾರು ತಿರುವಿಗೆ ಮೊದಲಿನ ಜಾಗಕ್ಕೆ ಬಂದು ನಿಲ್ಲುತ್ತದೆ. ಹಾಗೆ ಹಿಂದಕ್ಕೆ ಓಡುವುದನ್ನು ನೋಡಿದರೆ ತಲೆ ತಿರುಗಿ ವಾಂತಿ ಬಂದ ಹಾಗಾಗುತ್ತದೆ. ಅದಕ್ಕೆ ನಮ್ಮವರೆಲ್ಲ ಒಂದು ರೂಢಿ ಮಾಡಿಕೊಂಡರು. ಗುಂಡಿ ಒತ್ತುವಾಗ ಕಣ್ಣು ಮುಚ್ಚುವುದು, ಒಂದು, ಎರಡು ಎಂದು ಎಣಿಸಿ ತೆರೆಯುವುದು. ನಾನೂ ಹಾಗೇ ಮಾಡುತ್ತಿದ್ದೆ. ಮಾಡಿರೆಂದು ಹೇಳಿಕೊಟ್ಟವಳೂ ನಾನೇ.

ಹತ್ತೊಂಬತ್ತರಲ್ಲಿ ಹನ್ನೆರಡು ಮಂದಿ ಪರೀಕ್ಷೆ ಪಾಸಾದರು. ಆಟದೊಳಗಿನ ಬೆಟ್ಟದ ದಾರಿಯನ್ನು ಎಲ್ಲೂ ಗುದ್ದದೆ ಇಳಿಯಬೇಕು, ಅದೇ ಪರೀಕ್ಷೆ. ಗುಂಡಿ ಒತ್ತಿ ಸರಿಪಡಿಸಿಕೊಂಡ ಗುದ್ದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಮಂಡಳಿಯವರು ನನಗೆ ಶಾಲು ಹೊದಿಸಿದರು. ಫೋಟೋ ತೆಗೆಸಿಕೊಂಡೆ, ಹಲ್ಲು ಕಾಣುವ ಹಾಗೆ ನಗುತ್ತಿದ್ದೇನೆ. ಮುಕ್ತಾಳಿಗೆ ಮೊದಲ ಓಟದ ಸರದಿ ಬಂದದ್ದು ಹಿಂಗಾರಿ ಮಳೆಯಲ್ಲಿ. ಡಂಬಳದಲ್ಲಿ ಒಬ್ಬ ಹೆಂಗಸಿಗೆ ಹೆರಿಗೆ ಕಷ್ಟವಾಗಿತ್ತು, ದಾರಿದಾರ ನಾಲ್ಕು ಕಡೆ ಹರಿದಿತ್ತು. ಮೊದಲ ಓಟಕ್ಕೆ ಓಡಿಸುವವರ ರಕ್ತಸಂಬಂಧಿಯೊಬ್ಬರು ಪಕ್ಕದಲ್ಲಿ ಕೂರಬೇಕೆಂದು ಮಂಡಳಿಯ ಕಟ್ಟಳೆ. ತನ್ನವರ ಜೀವ ಪಕ್ಕದಲ್ಲಿದ್ದರೆ ಜಾಗ್ರತೆಯಿಂದ ಓಡಿಸುತ್ತಾರೆ ಎಂಬುದು ಅವರ ಲೆಕ್ಕಾಚಾರ. ನಾನು ಕೂರುತ್ತೇನೆಂದು ಹೊರಟಿದ್ದೆ, ಚಪ್ಪಲಿಯನ್ನೂ ಮೆಟ್ಟಿದ್ದೆ. ಶಿದ್ದ ಅಡ್ಡ ಬಂದ. “ನೀ ಬ್ಯಾಡಕ್ಕಾ, ನೀ ಬಾಯಿ ಭಾಳ ಮಾಡ್ತಿ, ಹುಡುಗಿ ಗಾಬರಿ ಆಗ್ತೈತಿ. ನಾ ಸುಮ್ನ ಕೂಡ್ತೀನಿ,” ಎಂದು ನಕ್ಕು ಹತ್ತಿದ. ಅವನಿಗೆ ಇನ್ನೊಂದು ಆಸೆಯೂ ಇತ್ತು ಎಂದು ನನಗೆ ಗೊತ್ತು. ಹೆಂಡತಿಯನ್ನು ಉಳಿಸಲಾಗದ ದಾರಿಯಲ್ಲಿ ಮಗಳು ಇನ್ನೊಬ್ಬಳನ್ನು ಉಳಿಸುವುದನ್ನು ಅವನು ಕಣ್ಣಾರೆ ನೋಡಬೇಕಿತ್ತು.

ಬಂಡಿಯೊಳಗೆ ಎಲ್ಲವನ್ನೂ ಚಿತ್ರ ತೆಗೆಯುವ ಕಣ್ಣೊಂದು ಇರುತ್ತದೆ. ಆ ಚಿತ್ರವನ್ನು ಮಂಡಳಿಯವರು ನೋಡಿದ್ದಾರೆ, ನಾನೂ ನೋಡಿದ್ದೇನೆ. ಡಂಬಳದ ಕೆರೆ ಏರಿಯ ತಿರುವಿಗೆ ಬಂದಾಗ ಬಾಲ ಎಡಕ್ಕೆ ಜಾರುತ್ತದೆ. ಮುಕ್ತಾ ಸ್ಟೇರಿಂಗನ್ನು ಎಡಕ್ಕೆ ತಿರುಗಿಸುತ್ತಾಳೆ, ಕಾಲು ಎತ್ತುವುದಿಲ್ಲ, ಬಂಡಿ ಅಡ್ಡಲಾಗಿಯೇ ತಿರುವನ್ನು ದಾಟುತ್ತದೆ. ಎಷ್ಟು ಚೆಂದ ದಾಟುತ್ತದೆ ಎಂದರೆ ಶಿದ್ದ “ಶಾಬಾಸ್ ನನ್ನವ್ವಾ!” ಎನ್ನುತ್ತಾನೆ. ಆಗ ಬಾಲ ಫಟ್ಟನೆ ಇನ್ನೊಂದು ಕಡೆಗೆ ಹೊರಳುತ್ತದೆ. ನೀವೇ ಬರೆದಿದ್ದಿರಿ, ಮೊದಲ ಜಾರಿಗಿಂತ ಮರುಜಾರು ಕೆಟ್ಟದ್ದು ಎಂದು. ಅದನ್ನೂ ಹಿಡಿಯಲು ಅವಳಿಗೆ ಹೊತ್ತಿತ್ತು. ಮಂಡಳಿಯವರೇ ಅಳೆದು ಹೇಳಿದ್ದಾರೆ, ಒಂದೂವರೆ ಸೆಕೆಂಡು ಇತ್ತಂತೆ. ಆ ಒಂದೂವರೆ ಸೆಕೆಂಡು ನನ್ನ ಮುಕ್ತಾ ಕಣ್ಣು ಮುಚ್ಚಿಕೊಂಡಿದ್ದಾಳೆ. ಬಂಡಿ ಶಿದ್ದ ಕೂತ ಕಡೆಯಿಂದ ಏರಿಯ ಕಲ್ಲಿಗೆ ಬಡಿಯಿತು. ಹೆರಿಗೆಯ ಹೆಂಗಸನ್ನು ಎರಡನೇ ಬಂಡಿಯಲ್ಲಿ ಕರೆತಂದರು, ತಾಯಿ ಮಗು ಚೆನ್ನಾಗಿದ್ದಾರೆ.

ಅಂಜಿ ಕಣ್ಣು ಮುಚ್ಚಿದಳು ಎಂದು ಮಂಡಳಿಯವರು ಬರೆದರು. ಅಂಜುಬುರುಕಿಯ ಕೈಗೆ ಯಂತ್ರ ಕೊಡಬಾರದು, ಕೈಕಟ್ಟು ಹಾಕಿ ಎಂದರು. ಮುಕ್ತಾಳೂ ಒಪ್ಪಿಕೊಂಡಿದ್ದಾಳೆ. ನಾಲ್ಕು ತಿಂಗಳಿಂದ ಅವಳು ನನ್ನ ಮನೆಯಲ್ಲೇ ಇದ್ದಾಳೆ. ಹೊತ್ತಿಗೆ ಸರಿಯಾಗಿ ಮಗ್ಗಕ್ಕೆ ಹೋಗುತ್ತಾಳೆ, ಬರುತ್ತಾಳೆ, ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತಾಳೆ. ಒಂದು ದಿನ ರೊಟ್ಟಿ ಮುರಿಯುತ್ತ ಇದ್ದಕ್ಕಿದ್ದ ಹಾಗೆ, “ಅತ್ತಿ, ನನಗ ಅಂಜಿಕಿ ಆದದ್ದು ನೆನಪ ಇಲ್ಲ. ಆದ್ರ ಕಣ್ಣು ಮುಚ್ಚೀನಲ್ಲ, ಅಂದ್ರ ಅಂಜಿರಬೇಕು. ಅಪ್ಪನ್ನ ನಾನ ಕೊಂದೆ,” ಎಂದಳು. ನಾನು ಏನು ಮಾಡಿದೆ ಗೊತ್ತೇ? ಪಲ್ಯ ಬಡಿಸಿದೆ.

ಮಾಸ್ತರ್ರೆ, ಆ ಚಿತ್ರದಲ್ಲಿ ಮಂಡಳಿಯವರೆಲ್ಲ ನೋಡಿದ್ದು ಅವಳ ಕಣ್ಣನ್ನು. ನಾನು ನೋಡಿದ್ದು ಅವಳ ಎಡಗೈ ಹೆಬ್ಬೆಟ್ಟನ್ನು. ಅದು ಸ್ಟೇರಿಂಗಿನ ಮೇಲೆ ಏನೂ ಇಲ್ಲದ ಜಾಗವನ್ನು ಒತ್ತುತ್ತಿತ್ತು. ತುಟಿ ಅಲುಗುತ್ತಿತ್ತು. ಒಂದು, ಎರಡು ಎಂದು ಎಣಿಸುತ್ತಿದ್ದಳು. ಅವಳಿಗೆ ಅಂಜಿಕೆ ಆಗಿರಲಿಲ್ಲ. ಗುಂಡಿ ಒತ್ತಿ, ತಿರುವಿನ ಈಚೆಗೆ ಬಂದು, ಇನ್ನೊಮ್ಮೆ ಚೆನ್ನಾಗಿ ಮಾಡೋಣ ಎಂದು ಕಾಯುತ್ತಿದ್ದಳು. ನಾನು ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿದಳು.

ಇನ್ನು ನಿಮ್ಮ ಮೇಲಿನ ಸಿಟ್ಟಿನ ಮಾತು. ಈ ಕಾಗದ ಶುರುಮಾಡಿದಾಗ ತಪ್ಪೆಲ್ಲ ನಿಮ್ಮ ತಲೆಗೆ ಕಟ್ಟಬೇಕೆಂದೇ ಕೂತಿದ್ದೆ. ಸತ್ತವರ ಮೇಲೆ ಹಾಕಿದರೆ ಯಾರು ಕೇಳುತ್ತಾರೆ? ಆದರೆ ನಿಮ್ಮ ಹನ್ನೊಂದನೇ ಪಾಠ ಎದುರಿಗೇ ಇದೆ, ಅದನ್ನು ಇಟ್ಟುಕೊಂಡು ಸುಳ್ಳು ಬರೆಯಲು ಕೈ ಬರುತ್ತಿಲ್ಲ. ನೀವು ಬರೆದದ್ದು ಹೀಗಿದೆ: “ಎಂಟು ದಿನ ಆತಲ್ಲ? ಇನ್ನ ರಿವೈಂಡ್ ಬಟನ್ ಮ್ಯಾಲೆ ಅಂಟುಪಟ್ಟಿ ಹಚ್ಚಿಬಿಡು. ಗುದ್ದಿದರ ಗುದ್ದಲಿ, ಬೆಟ್ಟದ ತುದಿಯಿಂದ ಮತ್ತ ಬಾ. ಬಟನ್ ಇಟ್ಕೊಂಡು ಕಲತಾವ ಕಾರು ಓಡಿಸೂದು ಕಲಿಯಂಗಿಲ್ಲ, ಬಟನ್ ಒತ್ತೂದು ಕಲೀತಾನ.” ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಬೇಕು? ನನಗೆ ನಿಮ್ಮ ಮೇಲೆ ಸಿಟ್ಟಿರುವುದು ಅದಕ್ಕೇ, ನೀವು ಹೇಳಿದ್ದಿರಿ ಎಂಬುದಕ್ಕೆ.

ನಿಮ್ಮ ಹದಿನಾಲ್ಕು ಪಾಠಗಳನ್ನು ಶಿಷ್ಯರಿಗಾಗಿ ಹೊಸದಾಗಿ ಬರೆದವಳು ನಾನು. ನನ್ನ ಪ್ರತಿಯಲ್ಲಿ ಹದಿಮೂರೇ ಇವೆ. ಹನ್ನೊಂದನೆಯದನ್ನು ಬಿಟ್ಟೆ. ಯಾಕೆಂದರೆ ನಮ್ಮಲ್ಲಿದ್ದದ್ದು ಒಂದೇ ಆಟದ ಯಂತ್ರ, ಕಲಿಯುವವರು ಹತ್ತೊಂಬತ್ತು. ಗುದ್ದಿದಾಗಲೆಲ್ಲ ಬೆಟ್ಟದ ತುದಿಯಿಂದ ಬರುವುದಾದರೆ ಒಬ್ಬೊಬ್ಬರಿಗೆ ಹನ್ನೆರಡು ನಿಮಿಷ ದಂಡ. ಮಳೆಗಾಲಕ್ಕೆ ಮೊದಲು ಹತ್ತು ಮಂದಿಯನ್ನಾದರೂ ತಯಾರು ಮಾಡಿ ಎಂದು ಮಂಡಳಿ ಬೆನ್ನ ಮೇಲೆ ಕೂತಿತ್ತು. ಗುಂಡಿ ಇದ್ದರೆ ಹತ್ತು ಹನ್ನೆರಡು ಮಂದಿ ಪಾಸಾಗುತ್ತಿದ್ದರು, ಪಟ್ಟಿ ಹಚ್ಚಿದರೆ ಮೂರು ಮಂದಿ. ಈ ಕಾರಣಗಳೆಲ್ಲ ನಿಜ, ಆದರೆ ಇವುಗಳ ಅಡಿಗೆ ಇನ್ನೊಂದಿದೆ. ನಾನೂ ಪಟ್ಟಿ ಹಚ್ಚಿ ನೋಡಿದ್ದೆ. ಶಿಷ್ಯರೆಲ್ಲ ಮನೆಗೆ ಹೋದ ಮೇಲೆ, ಬಾಗಿಲು ಹಾಕಿಕೊಂಡು, ನಲವತ್ತು ಸಲ. ಒಮ್ಮೆಯೂ ಬೆಟ್ಟ ಇಳಿಯಲಾಗಲಿಲ್ಲ. ಗುಂಡಿ ಇಲ್ಲದೆ ಈ ಗುರುವಿಗೆ ಏನೂ ಬರುವುದಿಲ್ಲ ಎಂದು ಆ ಮಕ್ಕಳ ಎದುರು ಒಪ್ಪಿಕೊಳ್ಳಲು ನನಗೆ ನಾಚಿಕೆಯಾಯಿತು. ಹಾಳು ನಾಚಿಕೆ! ಅದಕ್ಕೆ ನನ್ನ ತಮ್ಮನನ್ನು ಕೊಟ್ಟೆ, ಈಗ ಅವನ ಮಗಳ ಕೈಗಳನ್ನೂ ಕೊಡಲು ಹೊರಟಿದ್ದೇನೆ.

ಹನ್ನೊಂದನೇ ಪಾಠ ಇತ್ತೆಂದು ಈಗ ಬದುಕಿರುವವರಲ್ಲಿ ನನಗೊಬ್ಬಳಿಗೇ ಗೊತ್ತು. ಹಳೆಪುಟ ಭಂಡಾರದ ಕೀಲಿ ನನ್ನ ಸೊಂಟದಲ್ಲಿದೆ. ನಾನು ಬಾಯಿ ಬಿಡದಿದ್ದರೆ ನಾಳೆ ಹತ್ತೂವರೆಗೆ ಎಲ್ಲ ಮುಗಿದುಹೋಗುತ್ತದೆ. ಮುಕ್ತಾ ಸಾಯುವ ತನಕ ನನ್ನ ಮನೆಯಲ್ಲೇ ಇರುತ್ತಾಳೆ, ನಾನು ಬಡಿಸಿದ್ದನ್ನು ಉಣ್ಣುತ್ತಾಳೆ, ಅತ್ತಿ ಅತ್ತಿ ಎನ್ನುತ್ತಾಳೆ. ಬಾಯಿ ಬಿಟ್ಟರೆ ಕೈಕಟ್ಟು ನನಗೆ ಬರುತ್ತದೆ, ಅದು ಬರಲಿ, ಅರವತ್ತಮೂರರ ಈ ಕೈಗೆ ಇನ್ನೇನು ಆಗಬೇಕಿದೆ. ಆದರೆ ಆಮೇಲೆ ಅವಳು ನನ್ನನ್ನು ಅತ್ತಿ ಎನ್ನಲಾರಳು. ನನ್ನ ಅಂಜಿಕೆ ಅದೊಂದೇ. ನಾಲ್ಕು ತಿಂಗಳಲ್ಲಿ ಮೂರು ಸಲ ಹೇಳಲು ಹೋದೆ, ಮೂರು ಸಲವೂ ಬೇರೆ ಏನೋ ಹೇಳಿ ಬಂದೆ. ಇನ್ನೂರು ವರ್ಷ ಹಿಂದಿನವರಿಗೆ ಇಷ್ಟುದ್ದ ಬರೆಯಬಲ್ಲೆ, ಮುಂದಿನ ಕೋಣೆಯಲ್ಲಿ ಕೂತ ಹುಡುಗಿಗೆ ಒಂದು ಮಾತು ಹೇಳಲಾರೆ. ಥೂ ನನ್ನ ಜನ್ಮಕ್ಕೆ.

ನಿಮ್ಮಲ್ಲಿ ಒಂದು ಬೇಡಿಕೆ. ಕಾಗದ ಹಿಂದಕ್ಕೆ ಹೋಗುವುದಿಲ್ಲ ಎಂದು ನನಗೂ ಗೊತ್ತು, ಆದರೂ ಕೇಳುತ್ತೇನೆ. ಎಂದಾದರೂ ಆ ಪಾಠಗಳನ್ನು ತಿದ್ದಿ ಬರೆದರೆ, ಹನ್ನೊಂದನೆಯದನ್ನು ಮೊದಲನೆಯದಾಗಿ ಇಡಿ. ಅವಸರದಲ್ಲಿರುವವರು ನಡುವಿನದನ್ನು ಹಾರಿಸುತ್ತಾರೆ. ಮತ್ತೆ ನಿಮ್ಮ ಊರಿನ ಹುಡುಗ ಹುಡುಗಿಯರಿಗೆ ಹೇಳಿ, ಆಟ ಆಡಲಿ, ಕಾರು ಜಾರಿಸಲಿ, ಬೇಡ ಎನ್ನುವುದಿಲ್ಲ. ಗುದ್ದಿದಾಗ ಕಣ್ಣು ಬಿಟ್ಟುಕೊಂಡು ನೋಡಲಿ.

ಮುಕ್ತಾ ಈಗ ಒಳಗೆ ಬಂದಳು. ಚಹಾ ತಂದಿದ್ದಾಳೆ. “ಬೆಳಗಿಂದ ಏನ್ ಬರಿಯಾಕತ್ತಿ ಅತ್ತಿ? ನಾಳಿನ ಹೇಳಿಕೇನಾ? ನಂದು ಭಾಳ ಏನಿಲ್ಲ, ಅಂಜಿದ್ದೆ ಅಂತ ಹೇಳ್ತೀನಿ, ಅಷ್ಟ,” ಎಂದಳು. ಬರೆದ ಹಾಳೆಗಳನ್ನೆಲ್ಲ ಅವಳ ಕೈಗೆ ಕೊಟ್ಟೆ, ಈ ಕೊನೆಯದೊಂದನ್ನು ಬಿಟ್ಟು. ಎದುರಿಗೇ ನೆಲದ ಮೇಲೆ ಕೂತು ಓದುತ್ತಿದ್ದಾಳೆ. ತಾರೀಖಿಗೆ ನಗಲಿಲ್ಲ. ಗಾಣದ ಎತ್ತಿನ ಸಾಲಿಗೆ ಸ್ವಲ್ಪ ನಕ್ಕಳು. ಅಪ್ಪನ ಮಾತು ಬಂದ ಕಡೆ ಓದಿದ್ದನ್ನೇ ಮತ್ತೆ ಓದಿದಳು, ಹಾಳೆ ತಿರುಗಿಸಲಿಲ್ಲ. ಆಮೇಲೆ ತಿರುಗಿಸಿದಳು. ಈಗ ತನ್ನ ಎಡಗೈಯನ್ನು ಎತ್ತಿ ಹೆಬ್ಬೆಟ್ಟನ್ನು ನೋಡಿಕೊಳ್ಳುತ್ತಿದ್ದಾಳೆ.

ಚಹಾ ಆರಿದೆ. ಕೊಟ್ಟ ಹಾಳೆಗಳೆಲ್ಲ ಮುಗಿದಿವೆ. ಅವಳು ಅಳುತ್ತಿಲ್ಲ, ಬೈಯುತ್ತಲೂ ಇಲ್ಲ, ನನ್ನ ಮುಖವನ್ನೇ ನೋಡುತ್ತ ಕೈ ಚಾಚಿದ್ದಾಳೆ, ನಾನು ಇನ್ನೂ ಬರೆಯುತ್ತಿರುವ ಈ ಹಾಳೆಗಾಗಿ. ಬರುತ್ತೇನೆ ಮಾಸ್ತರ್ರೆ. ಇದನ್ನೂ ಅವಳಿಗೆ ಕೊಡಬೇಕು.

ನೀಲಗಂಗಾ